ಸಿಮ್ ಲಿಮ್ ಎಂಬ ಕಾಡಿನಲ್ಲಿ ಅಗ್ಗದ ಬೇಟೆ

ಸಿಂಗಪುರದ ಸೆರಂಗೂನ್ ರಸ್ತೆಯಲ್ಲಿ ಇಡ್ಲಿ, ವಡೆ ತಿಂದು, ಮಲ್ಲಿಗೆ ಮಾರುವ ಅಂಗಡಿಗಳನ್ನು ದಾಟಿ ದಕ್ಷಿಣದ ಕಡೆ ಹತ್ತು ನಿಮಿಷ ನಡೆದರೆ ರೋಚೋರ್ ಕಾಲುವೆ ಸಿಗುತ್ತದೆ. ಕಾಲುವೆಯ ಆಚೆ, ಬೆನ್‌ಕೂಲೆನ್ ಬೀದಿಯ ಮೂಲೆಯಲ್ಲಿ ಆರು ಅಂತಸ್ತಿನ ಒಂದು ಕಟ್ಟಡವಿದೆ. ಹೆಸರು ಸಿಮ್ ಲಿಮ್ ಸ್ಕ್ವೇರ್. ಆರ್ಚರ್ಡ್ ರಸ್ತೆಯ ಮಳಿಗೆಗಳ ಗಾಜಿನ ಥಳುಕು ಇದಕ್ಕಿಲ್ಲ. ಒಳಹೊಕ್ಕರೆ ನಡುವೆ ಮೇಲಿನವರೆಗೂ ತೆರೆದ ಅಂಗಳ, ಅದರ ಸುತ್ತ ಮಹಡಿಯಿಂದ ಮಹಡಿಗೆ ಹತ್ತಿಳಿಯುವ ಎಸ್ಕಲೇಟರ್‌ಗಳು, ಎಲ್ಲ ಕಡೆ ಪುಟ್ಟ ಪುಟ್ಟ ಅಂಗಡಿಗಳು. ಒಂದೊಂದು ಅಂಗಡಿಯ ಬಾಗಿಲಿನವರೆಗೂ ಪೆಟ್ಟಿಗೆಗಳ ರಾಶಿ. ಕ್ಯಾಮೆರಾ, ಮೊಬೈಲ್, ಲ್ಯಾಪ್‌ಟಾಪ್, ಸ್ಪೀಕರ್, ವೈರು, ಫ್ಯಾನು, ಸ್ಕ್ರೂ – ವಿದ್ಯುತ್ತಿನಿಂದ ನಡೆಯುವ ಯಾವ ವಸ್ತು ಹೆಸರಿಸಿದರೂ ಇಲ್ಲಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ.

ಚೀನಿ ಲಿಪಿಯಲ್ಲಿ ಈ ಕಟ್ಟಡದ ಹೆಸರನ್ನು ಬರೆದಾಗ ಮೊದಲ ಎರಡು ಅಕ್ಷರಗಳ ಅರ್ಥ 'ಕಾಡು'. ಹೊಕ್ಕಿಯನ್ ಉಚ್ಚಾರದಲ್ಲಿ ಅದು 'ಸಿಮ್ ಲಿಮ್' ಆಗುತ್ತದೆ. ಹೆಸರಿಗೆ ತಕ್ಕಂತೆ ಇದು ಕಾಡೇ ಸರಿ. ದಾರಿ ಬಲ್ಲವನಿಗೆ ಇಲ್ಲಿ ಹಣ್ಣೂ ಇದೆ, ಜೇನೂ ಇದೆ. ದಾರಿ ಅರಿಯದವನು ಮುಳ್ಳಿಗೆ ಸಿಕ್ಕಿಕೊಳ್ಳುತ್ತಾನೆ. ಅಗ್ಗದ ಎಲೆಕ್ಟ್ರಾನಿಕ್ಸ್ ಎಂದೊಡನೆ ನಾಲ್ಕು ದಶಕಗಳಿಂದ ಸಿಂಗಪುರದಲ್ಲಿ ಕೇಳಿಬರುವ ಹೆಸರು ಇದು. ಮೋಸ ಎಂದೊಡನೆ ಕೇಳಿಬಂದ ಹೆಸರೂ ಇದೇ. ಒಂದೇ ಕಟ್ಟಡಕ್ಕೆ ಈ ಎರಡೂ ಖ್ಯಾತಿ ಹೇಗೆ ಬಂತು ಎಂಬುದನ್ನು ತಿಳಿದರೆ, ವಿದೇಶದಲ್ಲಾಗಲಿ ನಮ್ಮೂರಿನಲ್ಲಾಗಲಿ ವಸ್ತು ಕೊಳ್ಳುವ ವಿದ್ಯೆಯ ಅರ್ಧ ತಿಳಿದಂತೆ.

ಅಗ್ಗ ಹುಟ್ಟಿದ ಬಗೆ

ವಸ್ತು ಒಂದೇ, ಬೆಲೆ ಮಾತ್ರ ಎರಡು ದೇಶಗಳಲ್ಲಿ ಎರಡು ಬಗೆ. ಇದರ ಹಿಂದೆ ಮಂತ್ರವೇನೂ ಇಲ್ಲ, ಇರುವುದು ಸುಂಕ. 1819ರಲ್ಲಿ ಬ್ರಿಟಿಷರ ಸ್ಟ್ಯಾಮ್‌ಫರ್ಡ್ ರ‍್ಯಾಫಲ್ಸ್ ಸಿಂಗಪುರದಲ್ಲಿ ನೆಲೆಯೂರಿದಾಗಿನಿಂದ ಅದು ಸುಂಕವಿಲ್ಲದ ಬಂದರು ಎಂದೇ ಹೆಸರಾಯಿತು. ಜಪಾನಿನಿಂದ ಬಂದ ರೇಡಿಯೋಗೆ ಅಲ್ಲಿ ಆಮದು ಸುಂಕದ ಹೊರೆ ಇರಲಿಲ್ಲ. ಭಾರತದಲ್ಲಿ ಅದೇ ರೇಡಿಯೋ ಬಂದರಿನಿಂದ ಹೊರಬೀಳುವ ಹೊತ್ತಿಗೆ ಬೆಲೆ ಎರಡು ಮೂರು ಪಟ್ಟು ಏರುತ್ತಿತ್ತು. 1991ರ ಮುಂಗಡ ಪತ್ರದಲ್ಲಿ ನಮ್ಮ ಗರಿಷ್ಠ ಆಮದು ಸುಂಕವನ್ನು ಶೇಕಡಾ 150ಕ್ಕೆ 'ಇಳಿಸಲಾಯಿತು' ಎಂದರೆ, ಅದಕ್ಕೂ ಮುಂಚೆ ಪರಿಸ್ಥಿತಿ ಹೇಗಿತ್ತೆಂದು ಊಹಿಸಬಹುದು.

ಹೀಗಾಗಿ 'ಫಾರಿನ್ ಮಾಲು' ಎಂಬ ಮಾತಿಗೆ ಆಗ ತೂಕವಿತ್ತು. ಹಡಗಿನ ನೌಕರರು, ಸರ್ಕಾರಿ ಕೆಲಸದ ಮೇಲೆ ಹೋದ ಅಧಿಕಾರಿಗಳು, ಮಗನನ್ನು ನೋಡಲು ಹೋದ ತಂದೆ ತಾಯಿಗಳು – ಎಲ್ಲರೂ ಮರಳುವಾಗ ಒಂದು ಟೂ–ಇನ್–ಒನ್, ಒಂದು ವಾಕ್‌ಮನ್, ಕೈಗೂಡಿದರೆ ವಿಸಿಆರ್ ತರುತ್ತಿದ್ದರು. 1982ರಲ್ಲಿ ದೂರದರ್ಶನ ಬಣ್ಣದ ಪ್ರಸಾರ ಆರಂಭಿಸಿದ ಮೇಲಂತೂ ಬಣ್ಣದ ಟಿವಿಯ ಹಂಬಲ ಹೆಚ್ಚಿತು. ಊರಿಗೆ ಬಂದ ವಸ್ತುವನ್ನು ನೋಡಲು ನೆರೆಹೊರೆಯವರು ಬರುತ್ತಿದ್ದರು. ಅದಕ್ಕೆ ಮನೆಯಲ್ಲೇ ಹೊಲಿದ ಕಸೂತಿಯ ಹೊದಿಕೆ ಬೀಳುತ್ತಿತ್ತು.

ಸಿಮ್ ಲಿಮ್ ಸ್ಕ್ವೇರ್ ಬಾಗಿಲು ತೆರೆದದ್ದು 1987ರಲ್ಲಿ, ಈ ಬೇಡಿಕೆ ಬಿಸಿಯಾಗಿದ್ದಾಗ. ಕಾಲುವೆಯ ಈಚೆ ದಡದಲ್ಲಿ ಅದರ ಅಣ್ಣನಂತೆ ಸಿಮ್ ಲಿಮ್ ಟವರ್ ಇತ್ತು. ರೆಸಿಸ್ಟರ್, ಕೆಪ್ಯಾಸಿಟರ್, ಟ್ರಾನ್ಸ್‌ಫಾರ್ಮರ್, ಬೆಸುಗೆಯ ಕಡ್ಡಿ ಬೇಕಾದವರು ಅಲ್ಲಿಗೆ ಹೋಗುತ್ತಿದ್ದರು, ಈಗಲೂ ಹೋಗುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಪ್ರಾಜೆಕ್ಟಿಗಾಗಿ ಬಿಡಿಭಾಗ ಹುಡುಕಿ ಅಲೆದ ವಿದ್ಯಾರ್ಥಿಗೆ ಆ ವಾತಾವರಣ ಹೊಸದೆನಿಸದು. ಹತ್ತಿರದ ಸುಂಗೈ ರಸ್ತೆಯಲ್ಲಿ ನೆಲದ ಮೇಲೆ ಚಾಪೆ ಹಾಸಿ ಹಳೆಯ ಗಡಿಯಾರ, ಒಡೆದ ರೇಡಿಯೋ ಮಾರುವ ಸಂತೆ ನಡೆಯುತ್ತಿತ್ತು. ಆ ಸಂತೆ 2017ರ ಜುಲೈ 10ರಂದು ಮುಚ್ಚಿತು.

ಮಹಡಿ ಹತ್ತಿದಂತೆ

ಸಿಮ್ ಲಿಮ್‌ನಲ್ಲಿ ಸ್ಥಳೀಯರು ಪಾಲಿಸುವ ಒಂದು ಸರಳ ಸೂತ್ರವಿದೆ: ಕೆಳಗೆ ನೋಡು, ಮೇಲೆ ಕೊಳ್ಳು. ಕೆಳಗಿನ ಎರಡು ಮಹಡಿಗಳಲ್ಲಿ ಬಾಡಿಗೆ ಹೆಚ್ಚು. ಬಸ್ಸಿಳಿದ ಪ್ರವಾಸಿ ಮೊದಲು ಕಾಲಿಡುವುದೂ ಅಲ್ಲೇ. ಕ್ಯಾಮೆರಾ, ಮೊಬೈಲ್, ಹೆಡ್‌ಫೋನ್‌ಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿರುತ್ತಾರೆ. ಹಲವು ವಸ್ತುಗಳ ಮೇಲೆ ಬೆಲೆಯ ಚೀಟಿ ಇರುವುದಿಲ್ಲ. "ಯೆಸ್ ಬಾಸ್!" ಎಂದು ಮಾರಾಟಗಾರ ನಗುತ್ತ ಕರೆಯುತ್ತಾನೆ. ಬೆಲೆ ಕೇಳಿದರೆ ಕ್ಯಾಲ್ಕುಲೇಟರ್ ಮೇಲೆ ಅಂಕಿ ಒತ್ತಿ ತೋರಿಸುತ್ತಾನೆ.

ಎಸ್ಕಲೇಟರ್ ಹತ್ತಿ ಮೇಲಿನ ಮಹಡಿಗಳಿಗೆ ಹೋದರೆ ಚಿತ್ರ ಬದಲಾಗುತ್ತದೆ. ಅಲ್ಲಿರುವುದು ಹೆಚ್ಚಾಗಿ ಕಂಪ್ಯೂಟರ್ ಬಿಡಿಭಾಗಗಳ ಮತ್ತು ರಿಪೇರಿಯ ಅಂಗಡಿಗಳು. ಗಿರಾಕಿಗಳು ಬಹುಪಾಲು ಊರಿನವರೇ. ಕರೆಯುವವರಿಲ್ಲ, ನಗುವವರೂ ಕಡಿಮೆ. ಆದರೆ ಬೆಲೆ ಮುದ್ರಿತ. 1990ರ ದಶಕದಿಂದ ಈ ಅಂಗಡಿಗಳು ಒಂದು ಒಳ್ಳೆಯ ಪದ್ಧತಿ ಬೆಳೆಸಿದವು. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಹಾರ್ಡ್ ಡಿಸ್ಕ್ – ಎಲ್ಲದರ ಬೆಲೆಯನ್ನು ಒಂದು ಕಾಗದದ ಎರಡೂ ಬದಿಗೆ ಸಣ್ಣಕ್ಷರಗಳಲ್ಲಿ ಅಚ್ಚುಹಾಕಿ ಯಾರು ಬೇಕಾದರೂ ಒಯ್ಯಲಿ ಎಂದು ಅಂಗಡಿಯ ಮುಂದೆ ಇಡುವುದು. ಕಾಲೇಜು ಹುಡುಗರು ನಾಲ್ಕೈದು ಅಂಗಡಿಗಳ ಕಾಗದ ಒಟ್ಟುಮಾಡಿ, ಮೆಟ್ಟಿಲ ಮೇಲೆ ಕುಳಿತು ಪೆನ್ನಿನಲ್ಲಿ ಗುರುತು ಹಾಕಿ, ಎಲ್ಲಿ ಯಾವುದು ಎರಡು ಡಾಲರ್ ಕಡಿಮೆ ಎಂದು ಲೆಕ್ಕ ಹಾಕುತ್ತಿದ್ದರು. ಬಿಡಿಭಾಗ ಕೊಂಡು ಮನೆಯಲ್ಲಿ ತಾವೇ ಕಂಪ್ಯೂಟರ್ ಜೋಡಿಸುತ್ತಿದ್ದರು. ಯಾವ ಪ್ರೊಸೆಸರ್ ಯಾವ ಮದರ್‌ಬೋರ್ಡಿಗೆ ಕೂರುತ್ತದೆ, ಎಷ್ಟು ವ್ಯಾಟಿನ ಪವರ್ ಸಪ್ಲೈ ಬೇಕು, ಬಿಸಿ ಹೊರಹಾಕಲು ಯಾವ ಫ್ಯಾನು – ಪಠ್ಯಪುಸ್ತಕದಲ್ಲಿ ಇಲ್ಲದ ಎಷ್ಟೋ ಪಾಠಗಳನ್ನು ಸಿಂಗಪುರದ ಒಂದು ಪೀಳಿಗೆ ಕಲಿತದ್ದು ಈ ಮಹಡಿಗಳಲ್ಲಿ.

ಕೆಳಗಿನ ಮಹಡಿಗೂ ಮೇಲಿನ ಮಹಡಿಗೂ ಇದ್ದ ಅಂತರ ಪ್ರಾಮಾಣಿಕತೆಯದ್ದು ಮಾತ್ರವಲ್ಲ. ಕೆಳಗೂ ಒಳ್ಳೆಯ ವ್ಯಾಪಾರಿಗಳು ಇದ್ದಾರೆ. ಮುಖ್ಯ ವ್ಯತ್ಯಾಸ ಗಿರಾಕಿಯದ್ದು. ಮೇಲಿನ ಗಿರಾಕಿ ನಾಳೆಯೂ ಬರುತ್ತಾನೆ, ಅವನಿಗೆ ಬೆಲೆಯೂ ಗೊತ್ತು, ವಸ್ತುವಿನ ಒಳಗೂ ಗೊತ್ತು. ಕೆಳಗಿನ ಗಿರಾಕಿಗೆ ನಾಡಿದ್ದು ವಿಮಾನ. ಮತ್ತೆ ಬಾರದ ಗಿರಾಕಿಯನ್ನು ಕಂಡರೆ ಕೆಲವರ ತಕ್ಕಡಿ ವಾಲುವುದು ಎಲ್ಲ ಊರಿನ ಸಂತೆಯಲ್ಲೂ ಉಂಟು.

ಮಂಡಿಯೂರಿದ ಕಾರ್ಮಿಕ

2014ರ ನವೆಂಬರ್‌ನಲ್ಲಿ ಈ ಕಟ್ಟಡದ ಹೆಸರು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ವಿಯೆಟ್ನಾಮಿನಿಂದ ಪ್ರವಾಸಕ್ಕೆ ಬಂದಿದ್ದ ಒಬ್ಬ ಕಾರ್ಖಾನೆ ಕಾರ್ಮಿಕ ತನ್ನ ಗೆಳತಿಗೆ ಉಡುಗೊರೆ ಕೊಡಲು ಐಫೋನ್ 6 ಕೊಳ್ಳಲು ಬಂದ. ಅವನ ತಿಂಗಳ ಗಳಿಕೆ ಸುಮಾರು 200 ಸಿಂಗಪುರ ಡಾಲರ್. ತಿಂಗಳುಗಟ್ಟಲೆ ಉಳಿಸಿದ ಹಣದಿಂದ 950 ಡಾಲರ್ ತೆತ್ತ. ಸಹಿ ಹಾಕಲು ಒಂದು ಕಾಗದ ಕೊಟ್ಟರು, ಹಾಕಿದ. ಆಮೇಲೆ ಅಂಗಡಿಯವರು 'ವಾರಂಟಿಗೆ ಇನ್ನೂ 1,500 ಡಾಲರ್ ಕೊಡಬೇಕು, ಕಾಗದದಲ್ಲಿ ಒಪ್ಪಿದ್ದೀಯ' ಎಂದರು. ಕೊಡದಿದ್ದರೆ ಫೋನೂ ಇಲ್ಲ, ಕೊಟ್ಟ ಹಣವೂ ಪೂರ್ತಿ ವಾಪಸಿಲ್ಲ. ಆತ ಅಂಗಡಿಯ ನೆಲದ ಮೇಲೆ ಮಂಡಿಯೂರಿ, ಅಳುತ್ತ ಬೇಡಿಕೊಂಡ. ಆ ದೃಶ್ಯದ ವಿಡಿಯೋ ಊರೆಲ್ಲ ಹರಡಿತು. ಕೊನೆಗೆ ಅವನ ಕೈಗೆ ಮರಳಿದ್ದು 400 ಡಾಲರ್ ಮಾತ್ರ.

ಅದೇ ಅಂಗಡಿಯ ಇನ್ನೊಂದು ಪ್ರಕರಣವೂ ಆಗಲೇ ಸುದ್ದಿಯಲ್ಲಿತ್ತು. ಚೀನಾದಿಂದ ಬಂದ ಒಬ್ಬ ಮಹಿಳೆಗೆ 1,010 ಡಾಲರ್ ಹಿಂತಿರುಗಿಸಬೇಕೆಂದು ಸಣ್ಣ ದಾವೆಗಳ ನ್ಯಾಯಮಂಡಳಿ ಆದೇಶಿಸಿತ್ತು. ಅಂಗಡಿಯವರು ಸೇಡಿಗೆಂಬಂತೆ ಚಿಲ್ಲರೆ ನಾಣ್ಯಗಳ ಚೀಲ ತಂದು ಸುರಿದರು. ಅದರ ತೂಕ ಸುಮಾರು 18 ಕಿಲೋ.

ಸಿಂಗಪುರದ ಜನ ಇದರಿಂದ ನಾಚಿದರು. ಅಪರಿಚಿತರು ಕೂಡಿ ಆ ಕಾರ್ಮಿಕನಿಗಾಗಿ ಸಾವಿರಾರು ಡಾಲರ್ ಸಂಗ್ರಹಿಸಿದರು. ಕಳೆದುಕೊಂಡದ್ದಕ್ಕಿಂತ ಹೆಚ್ಚು ತನಗೆ ಬೇಡವೆಂದು ಅವನು ವಿನಯದಿಂದ ಹೇಳಿದ. ಅಂಗಡಿಯ ಮಾಲೀಕನಿಗೆ 2015ರ ನವೆಂಬರ್‌ನಲ್ಲಿ ನ್ಯಾಯಾಲಯ 33 ತಿಂಗಳ ಸೆರೆವಾಸ ಮತ್ತು 2,000 ಡಾಲರ್ ದಂಡ ವಿಧಿಸಿತು. ಅವನ ಬಲೆಗೆ ಬಿದ್ದವರು ಇನ್ನೂ ಹಲವರಿದ್ದರು.

'ಅತಿ ಆಸೆ ಗತಿಗೇಡು' ಎಂಬ ಗಾದೆಯನ್ನು ಈ ಕಾರ್ಮಿಕನಿಗೆ ಅನ್ವಯಿಸುವುದು ತಪ್ಪಾಗುತ್ತದೆ. ಅವನಲ್ಲಿ ದುರಾಸೆ ಇರಲಿಲ್ಲ. ಇದ್ದದ್ದು ನಂಬಿಕೆ. ಇಲ್ಲದ್ದು ಕಾಗದ ಓದುವಷ್ಟು ಆ ಭಾಷೆಯ ಬಲ. ನಮ್ಮ ಹಳ್ಳಿಗಳಲ್ಲಿ ಓದು ಬಾರದ ರೈತ ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಕಥೆಗಳನ್ನು ಕೇಳಿದವರಿಗೆ ಇದು ಅಪರಿಚಿತವಲ್ಲ. ಮೋಸಗಾರನಿಗೆ ಬೇಕಾದದ್ದು ಅಗ್ಗದ ಆಸೆಯೊಂದೇ ಅಲ್ಲ. ಗಿರಾಕಿಯ ಅವಸರ, ಸಂಕೋಚ, ಅರಿಯದ ಭಾಷೆ – ಇವೆಲ್ಲವೂ ಅವನಿಗೆ ಬಂಡವಾಳ.

ಬಲೆ ಹೆಣೆಯುವ ಕ್ರಮ

ಇಂಥ ಅಂಗಡಿಗಳ ವಿಧಾನ ಪ್ರಪಂಚದೆಲ್ಲೆಡೆ ಹೆಚ್ಚುಕಡಿಮೆ ಒಂದೇ. ಮೊದಲು ಎಲ್ಲೂ ಇಲ್ಲದ ಕಡಿಮೆ ಬೆಲೆ ಹೇಳುವುದು. ಹಣ ಕೈಸೇರಿದ ಮೇಲೆ 'ಇದಕ್ಕೆ ಚಾರ್ಜರ್ ಬೇರೆ, ಬ್ಯಾಟರಿ ಬೇರೆ, ವಾರಂಟಿ ಬೇರೆ' ಎನ್ನುವುದು. ಅಥವಾ 'ಈ ಕ್ಯಾಮೆರಾ ಹಳೆಯ ಮಾದರಿ, ಅದಕ್ಕಿಂತ ಇದು ಒಳ್ಳೆಯದು' ಎಂದು ಗಿರಾಕಿ ಹೆಸರೇ ಕೇಳದ ವಸ್ತುವನ್ನು ಮುಂದಿಡುವುದು. ಹೆಸರು ಕೇಳದ ವಸ್ತುವಿನ ಬೆಲೆಯನ್ನು ಹೋಲಿಸಿ ನೋಡಲು ಬರುವುದಿಲ್ಲವಲ್ಲ! ಮೂರನೆಯದು, ಪೆಟ್ಟಿಗೆ ಒಳಗಿನ ಕೋಣೆಗೆ ಹೋಗಿ ಬರುವುದು. ಹೋದ ಪೆಟ್ಟಿಗೆ ಒಂದು, ಬಂದದ್ದು ಇನ್ನೊಂದು.

ಸಿಂಗಪುರದ ಕಾನೂನು ಸುಮ್ಮನೆ ಕೂತಿಲ್ಲ. 2012ರ ಸೆಪ್ಟೆಂಬರ್‌ನಿಂದ ಅಲ್ಲಿ 'ಲೆಮನ್ ಲಾ' ಜಾರಿಯಲ್ಲಿದೆ. ಕೊಂಡ ಆರು ತಿಂಗಳೊಳಗೆ ದೋಷ ಕಂಡರೆ ಅದು ಮಾರುವಾಗಲೇ ಇತ್ತೆಂದು ಭಾವಿಸಿ, ಹಾಗಲ್ಲವೆಂದು ಸಾಬೀತುಪಡಿಸುವ ಹೊಣೆಯನ್ನು ಅಂಗಡಿಯವನ ಮೇಲೆ ಹಾಕುತ್ತದೆ. ಮೇಲೆ ಹೇಳಿದ ನ್ಯಾಯಮಂಡಳಿಯಲ್ಲಿ ವಕೀಲರಿಲ್ಲದೆ 20,000 ಡಾಲರ್‌ವರೆಗಿನ ದಾವೆ ಹೂಡಬಹುದು. 2014ರ ಘಟನೆಯ ತರುವಾಯ, 2016ರಲ್ಲಿ, ಗ್ರಾಹಕ ರಕ್ಷಣೆಯ ಕಾಯಿದೆಗೆ ತಿದ್ದುಪಡಿ ತಂದು ಪದೇ ಪದೇ ಮೋಸ ಮಾಡುವ ಅಂಗಡಿಗಳ ಮೇಲೆ ತನಿಖೆ ನಡೆಸುವ ಅಧಿಕಾರವನ್ನು ಸರ್ಕಾರಿ ಸಂಸ್ಥೆಗೆ ಕೊಡಲಾಯಿತು. ಆದರೂ ಮೂರು ದಿನದ ಪ್ರವಾಸಿಗೆ ನ್ಯಾಯಮಂಡಳಿಯ ಮೆಟ್ಟಿಲು ದೂರವೇ. ಅವನ ನಿಜವಾದ ರಕ್ಷೆ ಅವನ ತಿಳಿವಳಿಕೆ.

ಚೀಟಿ ಓದುವ ವಿಜ್ಞಾನ

ಆ ತಿಳಿವಳಿಕೆಗೆ ದೊಡ್ಡ ಪದವಿ ಬೇಕಿಲ್ಲ. ಹೈಸ್ಕೂಲಿನ ಭೌತವಿಜ್ಞಾನ ಸಾಕು. ಪ್ರತಿಯೊಂದು ಉಪಕರಣದ ಹಿಂದೆ ಅಥವಾ ಚಾರ್ಜರಿನ ಮೇಲೆ ಸಣ್ಣಕ್ಷರದ ಚೀಟಿ ಇರುತ್ತದೆ. ಅಂಗಡಿಯವನು ಎಷ್ಟೇ ಮಾತಾಡಲಿ, ನಿಜ ಹೇಳುವುದು ಆ ಚೀಟಿ.

ಸಿಂಗಪುರದ ಮನೆಗಳ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಭಾರತದ್ದೂ ಅದೇ. ಆದ್ದರಿಂದ ಅಲ್ಲಿನ ಬಳಕೆಗೆಂದು ತಯಾರಾದ ವಸ್ತುವಿಗೆ ಇಲ್ಲಿ ವೋಲ್ಟೇಜಿನ ಭಯವಿಲ್ಲ. ವ್ಯತ್ಯಾಸ ಇರುವುದು ಪ್ಲಗ್‌ನಲ್ಲಿ. ಅಲ್ಲಿಯದು ಬ್ರಿಟಿಷ್ ಮಾದರಿಯ, ಚಪ್ಪಟೆ ಕಾಲುಗಳ ಮೂರು ಪಿನ್, ಒಳಗೆ ಒಂದು ಫ್ಯೂಸು. ನಮ್ಮದು ದುಂಡು ಪಿನ್. ಒಂದು ಅಡಾಪ್ಟರ್ ಇದ್ದರೆ ಆಯಿತು. ಆದರೆ ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನು ಮಾತ್ರ, ವೋಲ್ಟೇಜನ್ನಲ್ಲ.

ಇದನ್ನು ಮರೆತರೆ ಏನಾಗುತ್ತದೆ? ಟೋಕಿಯೋದ ಅಕಿಹಾಬಾರಾ ಎಂಬ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ, ಜಪಾನಿನ 100 ವೋಲ್ಟಿಗೆ ಮಾಡಿದ ಅನ್ನದ ಕುಕ್ಕರ್ ಒಂದನ್ನು ಯಾರೋ ಕೊಂಡರು ಎಂದಿಟ್ಟುಕೊಳ್ಳೋಣ. ಅದರ ಶಕ್ತಿ 500 ವ್ಯಾಟ್. ಶಕ್ತಿ ಎಂದರೆ ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದಷ್ಟು. ಹಾಗಾಗಿ ಅದರ ತಂತಿಯ ರೋಧ 20 ಓಮ್. ಅದನ್ನು ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ಶಕ್ತಿ 2,645 ವ್ಯಾಟಿಗೆ ಏರುತ್ತದೆ. ಐದು ಪಟ್ಟಿಗೂ ಮಿಗಿಲು! ಅನ್ನ ಬೇಯುವ ಮೊದಲೇ ಕುಕ್ಕರ್ ಬೆಂದಿರುತ್ತದೆ. ಅದಕ್ಕೇ ಅಕಿಹಾಬಾರಾದ ಅಂಗಡಿಗಳು ವಿದೇಶಿಯರಿಗೆಂದು 220–240 ವೋಲ್ಟಿನ ಮಾದರಿಗಳನ್ನು ಬೇರೆಯಾಗಿ ಇಡುತ್ತವೆ. ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರ್‌ಗಳ ಮೇಲೆ ಸಾಮಾನ್ಯವಾಗಿ 'ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಸ್' ಎಂದಿರುತ್ತದೆ. ಹಾಗಿದ್ದರೆ ಪ್ರಪಂಚದ ಎಲ್ಲಿಗೆ ಒಯ್ದರೂ ಚಿಂತೆಯಿಲ್ಲ. ಅಂಗಡಿಯಲ್ಲಿ ತಂದೆ ಬೆಲೆ ಇಳಿಸಲು ಹೆಣಗುತ್ತಿರುವಾಗ ಪಕ್ಕದಲ್ಲಿ ನಿಂತ ಮಗಳು "ಅಪ್ಪಾ, ಇನ್‌ಪುಟ್ ಎಷ್ಟಿದೆ ಅಂತ ನೋಡಿದ್ರಾ?" ಎಂದು ಕೇಳಿದರೆ, ಆ ಮನೆಯಲ್ಲಿ ವಿಜ್ಞಾನದ ಪಾಠ ಸಾರ್ಥಕವಾಯಿತೆಂದು ತಿಳಿಯಬೇಕು.

ಪೆನ್ ಡ್ರೈವ್, ಮೆಮೊರಿ ಕಾರ್ಡುಗಳ ವಿಷಯ ಇನ್ನೂ ಸ್ವಾರಸ್ಯಕರ. 128 ಜಿಬಿ ಎಂದು ಕೊಂಡದ್ದನ್ನು ಕಂಪ್ಯೂಟರಿಗೆ ಹಾಕಿದರೆ ಸುಮಾರು 119 ಜಿಬಿ ಎಂದು ತೋರಿಸುವುದುಂಟು. ಒಂಬತ್ತು ಜಿಬಿ ಅಂಗಡಿಯವನು ನುಂಗಿದನೆ? ಇಲ್ಲ. ತಯಾರಕರು ಒಂದು ಜಿಬಿ ಎಂದರೆ ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ. ಕಂಪ್ಯೂಟರ್ ಎರಡರ ಘಾತದಲ್ಲಿ, ಅಂದರೆ ಎರಡರ ಮೂವತ್ತನೆಯ ಘಾತವಾದ 107 ಕೋಟಿ ಚಿಲ್ಲರೆ ಬೈಟ್‌ಗಳನ್ನು ಒಂದು ಜಿಬಿ ಎಂದು ಎಣಿಸುತ್ತದೆ. ಅಳತೆಯ ಸೇರು ಬೇರೆ, ಅಕ್ಕಿ ಅಷ್ಟೇ.

ನಿಜವಾದ ಮೋಸ ಬೇರೆ ಬಗೆಯದು. ನಕಲಿ ಕಾರ್ಡಿನ ಒಳಗಿನ ನಿಯಂತ್ರಕ ಚಿಪ್ಪಿಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ಇರುವ ಜಾಗ 16 ಜಿಬಿ, ತೋರಿಸುವುದು 256. ಹದಿನಾರು ತುಂಬುವವರೆಗೆ ಎಲ್ಲ ಸರಿ. ಆಮೇಲೆ ಹೊಸ ಚಿತ್ರಗಳು ಹಳೆಯವನ್ನು ಅಳಿಸುತ್ತವೆ, ಇಲ್ಲವೇ ಎಲ್ಲಿಯೂ ದಾಖಲಾಗದೆ ಹೋಗುತ್ತವೆ. ಕಾರ್ಡನ್ನು ಪೂರ್ತಿ ತುಂಬಿಸಿ, ಮತ್ತೆ ಓದಿ ನೋಡುವುದೊಂದೇ ಇದಕ್ಕೆ ಪರೀಕ್ಷೆ. ಮದುವೆಯ ಚಿತ್ರ ತೆಗೆಯುವ ಮುಂಚೆ ಈ ಪರೀಕ್ಷೆ ಮುಗಿದಿರಬೇಕು.

ಮೊಬೈಲ್ ಕೊಳ್ಳುವಾಗ ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿದರೆ 15 ಅಂಕಿಗಳ ಐಎಂಇಐ ಸಂಖ್ಯೆ ಕಾಣುತ್ತದೆ. ಪೆಟ್ಟಿಗೆಯ ಮೇಲೂ ರಸೀದಿಯ ಮೇಲೂ ಅದೇ ಸಂಖ್ಯೆ ಇರಬೇಕು. ಭಾರತದಲ್ಲಿ ಬಳಕೆಯಲ್ಲಿರುವ 4ಜಿ, 5ಜಿ ತರಂಗಪಟ್ಟಿಗಳನ್ನು ಆ ಮಾದರಿ ಹಿಡಿಯುತ್ತದೆಯೇ ಎಂದು ಊರಲ್ಲೇ ಬರೆದುಕೊಂಡು ಹೋಗಿ ತಾಳೆ ನೋಡಬೇಕು. ಹಿಂದೆ ಡಿವಿಡಿ ಪ್ಲೇಯರ್ ತಂದವರಿಗೆ ಇಂಥದ್ದೇ ಅನುಭವವಾಗುತ್ತಿತ್ತು. ಸಿಂಗಪುರ 3ನೇ ವಲಯ, ಭಾರತ 5ನೇ ವಲಯ. ಪ್ಲೇಯರ್ ಅಲ್ಲಿಯದು, ಡಿಸ್ಕು ಇಲ್ಲಿಯದಾದರೆ ಯಂತ್ರ ಮುಷ್ಕರ ಹೂಡುತ್ತಿತ್ತು.

ವಾರಂಟಿಯ ಮಾತೂ ಹೀಗೆಯೇ. ಕೆಲವು ಕಂಪನಿಗಳ ವಾರಂಟಿ ಎಲ್ಲ ದೇಶಗಳಲ್ಲೂ ನಡೆಯುತ್ತದೆ, ಕೆಲವದು ಕೊಂಡ ದೇಶಕ್ಕೆ ಮಾತ್ರ. ಅಧಿಕೃತ ವಿತರಕರನ್ನು ಬಿಟ್ಟು ಬೇರೆ ದಾರಿಯಿಂದ ತರಿಸಿದ ಅಸಲಿ ವಸ್ತುಗಳೂ ಇಂಥ ಮಳಿಗೆಗಳಲ್ಲಿ ಇರುತ್ತವೆ. ವಸ್ತು ನಕಲಿಯಲ್ಲ, ಬೆಲೆಯೂ ಕಡಿಮೆ. ಆದರೆ ಕೆಟ್ಟರೆ ಕಂಪನಿ ಕೈಚಾಚುವುದಿಲ್ಲ, ಅಂಗಡಿಯೇ ಗತಿ. ಅಂಗಡಿ ಇರುವುದು ಸಮುದ್ರದಾಚೆ.

ಅಗ್ಗದ ನಿಜ ಲೆಕ್ಕ

ಇನ್ನು ಹಣದ ಲೆಕ್ಕ. ಸಿಂಗಪುರದಲ್ಲೂ 1994ರ ಏಪ್ರಿಲ್‌ನಿಂದ ಸರಕು ಮತ್ತು ಸೇವಾ ತೆರಿಗೆ ಇದೆ. ಶೇಕಡಾ 3ರಿಂದ ಆರಂಭವಾದದ್ದು 2024ರಲ್ಲಿ 9ಕ್ಕೆ ಬಂತು. ಈ ಯೋಜನೆಗೆ ಸೇರಿದ ಅಂಗಡಿಯಲ್ಲಿ 100 ಡಾಲರ್ ಅಥವಾ ಹೆಚ್ಚು ಬೆಲೆಯ ವಸ್ತು ಕೊಂಡ ಪ್ರವಾಸಿ ಚಾಂಗಿ ವಿಮಾನ ನಿಲ್ದಾಣದಲ್ಲಿ ಈ ತೆರಿಗೆಯನ್ನು ವಾಪಸು ಪಡೆಯಬಹುದು. ಎಲ್ಲ ಅಂಗಡಿಗಳೂ ಸೇರಿಲ್ಲ, ಮೊದಲೇ ಕೇಳಬೇಕು. ವಸ್ತುವನ್ನು ಚೆಕ್–ಇನ್ ಸಾಮಾನಿಗೆ ಹಾಕುವುದಾದರೆ, ಸಾಮಾನು ಒಪ್ಪಿಸುವ ಮುಂಚೆಯೇ ಈ ಕೆಲಸ ಮುಗಿಸಬೇಕು.

ಇಲ್ಲೊಂದು ಸಣ್ಣ ಗಣಿತವಿದೆ. 1,000 ಡಾಲರ್ ಕೊಟ್ಟವರು 90 ಡಾಲರ್ ಬರುತ್ತದೆಂದು ನಿರೀಕ್ಷಿಸುತ್ತಾರೆ. ಆದರೆ ಆ ಸಾವಿರದಲ್ಲಿ ತೆರಿಗೆಯೂ ಸೇರಿದೆ. ಆದ್ದರಿಂದ ತೆರಿಗೆಯ ಪಾಲು ಸಾವಿರವನ್ನು 109ರಿಂದ ಭಾಗಿಸಿ 9ರಿಂದ ಗುಣಿಸಿದಷ್ಟು, ಅಂದರೆ 82 ಡಾಲರ್ 57 ಸೆಂಟ್. ಅದರಲ್ಲೂ ಸೇವಾ ಶುಲ್ಕ ಕಳೆಯುತ್ತದೆ. ರೂಪಾಯಿಯನ್ನು ಡಾಲರಿಗೆ ಬದಲಿಸುವಾಗ ಬ್ಯಾಂಕು ಹಿಡಿಯುವ ಕಮಿಷನ್ನನ್ನೂ ಲೆಕ್ಕಕ್ಕೆ ಸೇರಿಸಿದರೆ, ಅಂಗಡಿಯಲ್ಲಿ ಕಂಡ ಅಗ್ಗ ಇನ್ನಷ್ಟು ಸೊರಗುತ್ತದೆ.

ಊರಿಗೆ ಬಂದಿಳಿದ ಮೇಲೆ ನಮ್ಮ ಕಸ್ಟಮ್ಸ್. 2016ರ ಬ್ಯಾಗೇಜ್ ನಿಯಮಗಳು ವಿದೇಶದಿಂದ ಮರಳುವ ಭಾರತೀಯ ನಿವಾಸಿಗೆ 50,000 ರೂಪಾಯಿಯವರೆಗಿನ ವಸ್ತುಗಳನ್ನು, 18 ವರ್ಷ ದಾಟಿದವರಿಗೆ ಅದರ ಮೇಲೆ ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಲು ಬಿಟ್ಟಿದ್ದವು. ಇಂಥ ಮಿತಿಗಳು ಕಾಲಕಾಲಕ್ಕೆ ಬದಲಾಗುತ್ತವೆ. ಹೊರಡುವ ಮುನ್ನ ಇಲಾಖೆಯ ಪ್ರಕಟಣೆ ನೋಡಿಕೊಳ್ಳುವುದು ಕ್ಷೇಮ. ಒಂದು ಕಾಲಕ್ಕೆ ಬ್ಯಾಂಕಾಕ್, ಸಿಂಗಪುರ, ದುಬೈಗಳಿಂದ ಬರುವ ವಿಮಾನಗಳಲ್ಲಿ ಫ್ಲಾಟ್ ಟಿವಿಗಳದ್ದೇ ರಾಶಿ ಇರುತ್ತಿತ್ತು. 2013ರ ಆಗಸ್ಟ್ 26ರಿಂದ ಅವುಗಳಿಗೆ ಸುಂಕದ ರಿಯಾಯಿತಿ ತಪ್ಪಿತು, ರಾಶಿಯೂ ಕರಗಿತು.

ವಿಮಾನದ ನಿಯಮವೂ ನೆನಪಿರಲಿ. ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಒಯ್ಯಬೇಕು. ಅದರ ಸಾಮರ್ಥ್ಯ 100 ವ್ಯಾಟ್–ಅವರ್ ಮೀರಿದರೆ ವಿಮಾನ ಸಂಸ್ಥೆಯ ಅನುಮತಿ ಬೇಕು. 20,000 ಮಿಲಿ ಆಂಪಿಯರ್–ಅವರ್ ಎಂದರೆ 20 ಆಂಪಿಯರ್–ಅವರ್. ಅದನ್ನು ಕೋಶದ 3.7 ವೋಲ್ಟಿನಿಂದ ಗುಣಿಸಿದರೆ 74. ಚಿಂತೆಯಿಲ್ಲ. 30,000 ಆದರೆ 111. ಅಗ್ಗವೆಂದು ಕೊಂಡದ್ದು ನಿಲ್ದಾಣದಲ್ಲೇ ಉಳಿಯಬಹುದು.

ಕಾಡು ತೆಳುವಾಗುತ್ತಿದೆ

ಈಗ ಸಿಮ್ ಲಿಮ್‌ನಲ್ಲಿ ಹಳೆಯ ನೂಕುನುಗ್ಗಲು ಇಲ್ಲ. ಮಾಹಿತಿ ತಂತ್ರಜ್ಞಾನದ ವಸ್ತುಗಳ ಮೇಲಿನ ಸುಂಕ ತೆಗೆಯುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸೇರಿತು. 2005ರ ಹೊತ್ತಿಗೆ ಕಂಪ್ಯೂಟರಿನ ಮೇಲಿನ ಆಮದು ಸುಂಕ ಸೊನ್ನೆಗೆ ಬಂತು. ಎರಡು ದೇಶಗಳ ಬೆಲೆಯ ಅಂತರ ಕಿರಿದಾಯಿತು. ಉಳಿದದ್ದನ್ನು ಮನೆ ಬಾಗಿಲಿಗೆ ತಂದುಕೊಡುವ ಆನ್‌ಲೈನ್ ವ್ಯಾಪಾರ ನುಂಗಿತು. ಸಿಂಗಪುರದ ಇನ್ನೊಂದು ಹೆಸರಾಂತ ಕಂಪ್ಯೂಟರ್ ಮಳಿಗೆ ಫುನಾನ್ 2016ರಲ್ಲಿ ಮುಚ್ಚಿ, 2019ರಲ್ಲಿ ಹೊಸ ರೂಪ ತಾಳಿತು. ಅದೇ 2019ರಲ್ಲಿ ಸಿಮ್ ಲಿಮ್ ಸ್ಕ್ವೇರ್‌ನ ಅಂಗಡಿ ಮಾಲೀಕರು ಕಟ್ಟಡವನ್ನೇ ಒಟ್ಟಾಗಿ ಮಾರಲು ಮುಂದಾಗಿ 125 ಕೋಟಿ ಸಿಂಗಪುರ ಡಾಲರ್ ಬೆಲೆ ಇಟ್ಟರು. ಮಾರಾಟ ನಡೆಯಲಿಲ್ಲ. ಸಾವಿರಾರು ಜನರೊಡನೆ ಚೌಕಾಸಿ ಮಾಡಿದ ಕಟ್ಟಡಕ್ಕೆ ತನ್ನದೇ ಬೆಲೆ ಕುದುರಲಿಲ್ಲ.

ಹಾಗೆಂದು ಅಲ್ಲಿಗೆ ಹೋಗುವುದು ವ್ಯರ್ಥವೆಂದಲ್ಲ. 2015ರ ಡಿಸೆಂಬರ್‌ನಲ್ಲಿ ಆರಂಭವಾದ ರೋಚೋರ್ ಮೆಟ್ರೋ ನಿಲ್ದಾಣ ಪಕ್ಕದಲ್ಲೇ ಇದೆ. ಮೇಲಿನ ಮಹಡಿಗಳಲ್ಲಿ ಇಂದಿಗೂ ಒಡೆದ ಲ್ಯಾಪ್‌ಟಾಪಿಗೆ ಹೊಸ ಪರದೆ ಕೂರಿಸುವ, ಸತ್ತ ಡಿಸ್ಕಿನಿಂದ ಮಾಹಿತಿ ಹೊರತೆಗೆಯುವ ಕುಶಲಿಗಳಿದ್ದಾರೆ. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು, ಕೂದಲೆಳೆಯಂಥ ತಂತಿಗೆ ಬೆಸುಗೆ ಹಾಕುವವರ ಕೈಚಳಕ ನೋಡಲು ದುಡ್ಡು ಕೊಡಬೇಕಿಲ್ಲ. ವಿಜ್ಞಾನದ ವಿದ್ಯಾರ್ಥಿಗೆ ಕೊಳ್ಳುವುದಕ್ಕಿಂತ ನೋಡುವುದರಲ್ಲೇ ಅಲ್ಲಿ ಹೆಚ್ಚು ಲಾಭ. ಕೊಳ್ಳಲೇಬೇಕಿದ್ದವರು ವಸ್ತುವಿನ ಹೆಸರು, ಮಾದರಿ ಸಂಖ್ಯೆ, ಊರಿನ ಬೆಲೆ – ಈ ಮೂರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು. ಕನಿಷ್ಠ ಮೂರು ಅಂಗಡಿಗಳಲ್ಲಿ ವಿಚಾರಿಸಬೇಕು. 'ಇದೇ ಪೂರ್ತಿ ಬೆಲೆಯೇ?' ಎಂದು ಕೇಳಿ ಬರೆಸಿಕೊಳ್ಳಬೇಕು. ಪೆಟ್ಟಿಗೆ ತೆರೆಸಿ, ವಸ್ತು ನಡೆಸಿ ನೋಡಿದ ಮೇಲೆ ಹಣ ಕೊಡಬೇಕು. ಓದದ ಕಾಗದಕ್ಕೆ ಸಹಿ ಹಾಕಬಾರದು.

ಇಷ್ಟೆಲ್ಲ ಮಾಡಿದ ಮೇಲೆ ಉಳಿಯುವುದು ಕೆಲವೊಮ್ಮೆ ನೂರು ರೂಪಾಯಿ, ಕೆಲವೊಮ್ಮೆ ಐದು ಸಾವಿರ, ಕೆಲವೊಮ್ಮೆ ಏನೂ ಇಲ್ಲ. ಏನೂ ಉಳಿಯುವುದಿಲ್ಲವೆಂದು ಅಂಗಡಿಯಲ್ಲೇ ಲೆಕ್ಕ ಹಾಕಿ, ಥ್ಯಾಂಕ್ಸ್ ಹೇಳಿ ಬರಿಗೈಯಲ್ಲಿ ಹೊರಬರುವುದಕ್ಕೂ ಧೈರ್ಯ ಬೇಕು. ಎಷ್ಟೋ ದೂರ ಬಂದಿದ್ದೇವೆ, ಏನಾದರೂ ಒಯ್ಯಲೇಬೇಕು ಎಂಬ ಹಟವೇ ಅಂಥ ಪೇಟೆಗಳಲ್ಲಿ ಅತಿ ದುಬಾರಿಯ ಸರಕು.